ಎರೆಹೊಲದ ಆರ್ಕಿಯಾ: ಇರುವವರು ಯಾರು, ದುಡಿಯುವವರು ಯಾರು?

ಹುಬ್ಬಳ್ಳಿ ಸಮೀಪದ ಸುಳ್ಳದ ಎರೆಹೊಲಕ್ಕೆ ಬಿದ್ದ ಯೂರಿಯಾ ಯೂರಿಯಾ ಆಗಿಯೇ ಹೆಚ್ಚು ದಿನ ಉಳಿಯುವುದಿಲ್ಲ. ಮಣ್ಣಿನಲ್ಲಿರುವ ಯೂರಿಯೇಸ್ ಕಿಣ್ವ ಅದನ್ನು ಅಮೋನಿಯಂ ಮಾಡುತ್ತದೆ, ಅಮೋನಿಯಂ ನೈಟ್ರೈಟ್ ಆಗುತ್ತದೆ, ನೈಟ್ರೈಟ್ ಕೊನೆಗೆ ನೈಟ್ರೇಟ್ ಆಗುತ್ತದೆ; ಕೊನೆಯ ಈ ಎರಡು ಹೆಜ್ಜೆಗಳೇ ನೈಟ್ರೀಕರಣ. ಕರಿಮಣ್ಣಿನ ಜೇಡಿಕಣ ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳಬಲ್ಲದು, ನೈಟ್ರೇಟ್ ಅನ್ನು ಹಿಡಿಯಲಾರದು. ಮಳೆ ಹಿಡಿದು ಹೊಲದಲ್ಲಿ ನೀರು ನಿಂತರೆ ಆ ನೈಟ್ರೇಟಿನ ಒಂದು ಪಾಲು ಅನಿಲವಾಗಿ ಗಾಳಿಗೆ ಹೋಗುತ್ತದೆ. ಅದರಲ್ಲಿ ಭೂಮಿಯ ಬಿಸಿ ಏರಿಸುವ ನೈಟ್ರಸ್ ಆಕ್ಸೈಡ್ ಕೂಡ ಇರುತ್ತದೆ. ರೈತನ ದುಡ್ಡೂ ವಾತಾವರಣದ ಹಿತವೂ ಸೋರುವ ಈ ದಾರಿಯ ಮೊದಲ ಮೆಟ್ಟಿಲಲ್ಲಿ ಅಮೋನಿಯಾವನ್ನು ಉರಿಸಿ ಬದುಕುವ ಸೂಕ್ಷ್ಮಜೀವಿಗಳಿವೆ. 1890ರ ಸುಮಾರಿಗೆ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಅವುಗಳನ್ನು ಬೇರ್ಪಡಿಸಿದ ಮೇಲೆ ನೂರಕ್ಕೂ ಹೆಚ್ಚು ವರ್ಷ ಈ ಕೆಲಸವೆಲ್ಲ ಬ್ಯಾಕ್ಟೀರಿಯಾದ್ದೇ ಎಂದು ವಿಜ್ಞಾನ ನಂಬಿತ್ತು. ಆರ್ಕಿಯಾ ಎಂಬ ಬೇರೆ ಬಳಗವೂ ಇದೇ ಕೆಲಸ ಮಾಡಬಲ್ಲದು ಎಂದು ತೋರಿಸಿ ಆ ನಂಬಿಕೆಯನ್ನು ಮುರಿದದ್ದು ಮಣ್ಣಿನ ಡಿಎನ್‌ಎ ಓದು. ಆದರೆ ಅದೇ ಓದು ತನ್ನ ಉತ್ಸಾಹದಲ್ಲಿ ಇನ್ನೊಂದು ಅವಸರದ ನಂಬಿಕೆಯನ್ನೂ ಹುಟ್ಟಿಸಿತು. ಜೀನೋಮ್ ಹೇಳುವುದು ಒಂದು ಜೀವಿಗೆ ಏನು ಸಾಧ್ಯ ಎಂಬುದನ್ನು ಮಾತ್ರ. ಅದು ನಿಜವಾಗಿ ದುಡಿಯುತ್ತದೆಯೇ ಎಂಬುದನ್ನು ಆಯಾ ಹೊಲದ ರಸಾಯನ ತೀರ್ಮಾನಿಸುತ್ತದೆ. ಈ ಕ್ಷೇತ್ರ ಬೆಳೆದ ಬಗೆಯಲ್ಲಿ ನನಗೆ ಕಾಣುವ ಮುಖ್ಯ ಸಂಗತಿ ಇದೇ.

ಈ ಆರ್ಕಿಯಾ ಬಳಗ ಲೆಕ್ಕಕ್ಕೆ ಬಂದದ್ದೇ 1977ರಲ್ಲಿ. ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ, ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳು ನೋಡಲು ಬ್ಯಾಕ್ಟೀರಿಯಾದಂತಿದ್ದರೂ ಕುಲದಲ್ಲಿ ಅವುಗಳಿಂದ ಬಹಳ ದೂರ ಎಂದು ತೋರಿಸಿದರು. ಮುಂದೆ ಬಹಳ ಕಾಲ ಆರ್ಕಿಯಾ ಎಂದರೆ ಬಿಸಿನೀರಿನ ಬುಗ್ಗೆ, ಉಪ್ಪಿನ ಮಡು, ಗಾಳಿಯಾಡದ ಕೆಸರು ಎಂದೇ ಎಣಿಸಲಾಗುತ್ತಿತ್ತು. 1992ರಲ್ಲಿ ತಣ್ಣನೆಯ ಕಡಲ ನೀರಿನಲ್ಲಿ, 1997ರಲ್ಲಿ ವಿಸ್ಕಾನ್ಸಿನ್ನಿನ ಸಾಧಾರಣ ಮಣ್ಣಿನಲ್ಲಿ ಅವುಗಳ ಜೀನುಗಳು ಸಿಕ್ಕವು. ಆದರೂ ಅವು ಅಲ್ಲಿ ಏನು ಮಾಡುತ್ತವೆ ಎಂಬುದು ಬಗೆಹರಿಯಲಿಲ್ಲ. 2005ರಲ್ಲಿ ಕ್ರಿಸ್ಟಾ ಶ್ಲೆಪರ್ ಅವರ ತಂಡ ಮಣ್ಣಿನಿಂದ ತೆಗೆದ ಒಂದೇ ಡಿಎನ್‌ಎ ತುಂಡಿನಲ್ಲಿ ಆರ್ಕಿಯಾದ ಗುರುತಿನ ಜೀನನ್ನೂ ಅಮೋನಿಯಾ ಉರಿಸುವ ಕಿಣ್ವದ ಜೀನನ್ನೂ ಕಂಡಿತು. ಅದೇ ವರ್ಷ ಸಿಯಾಟಲ್ಲಿನ ಅಕ್ವೇರಿಯಂ ತೊಟ್ಟಿಯಿಂದ ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂಬ ಆರ್ಕಿಯಾವನ್ನು ಬೆಳೆಸಿ, ಅದು ನಿಜಕ್ಕೂ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ ಎಂದು ತೋರಿಸಲಾಯಿತು. ಡಿಎನ್‌ಎ ಮಾತ್ರ ಸಿಕ್ಕಿದ್ದರೆ ಅದು ಊಹೆಯಾಗಿಯೇ ಉಳಿಯುತ್ತಿತ್ತು. ಬದುಕಿದ ಜೀವಿ ಕೈಗೆ ಬಂದದ್ದರಿಂದ ಸಾಕ್ಷಿ ಗಟ್ಟಿಯಾಯಿತು. ಮಣ್ಣಿನ ಆರ್ಕಿಯಾ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ವಿಯೆನ್ನಾದ ತೋಟದ ಮಣ್ಣಿನಿಂದ ನೈಟ್ರೊಸೊಸ್ಫೀರಾ ವಿಯೆನ್ನೆನ್ಸಿಸ್ ಬೇರ್ಪಟ್ಟದ್ದು 2011ರಲ್ಲಿ.

ಈ ಎರಡರ ಜೀನೋಮುಗಳನ್ನು ಪಕ್ಕಪಕ್ಕ ಇಟ್ಟರೆ ವಿಕಾಸದ ದಾರಿ ಕಾಣತೊಡಗುತ್ತದೆ. ಕಡಲಿನದು ಸುಮಾರು 16.5 ಲಕ್ಷ ಅಕ್ಷರಜೋಡಿಗಳ ಬಿಗಿಯಾದ ಜೀನೋಮ್, ಮಣ್ಣಿನದು ಸುಮಾರು 25 ಲಕ್ಷದ್ದು. ಒಂದೇ ಹಿಡಿ ಮಣ್ಣಿನಲ್ಲಿ ಒಣಗುವಿಕೆ, ನೆನೆಯುವಿಕೆ, ನೆರೆಯವರ ವಿಷ, ಆಹಾರದ ಏರಿಳಿತ ಎಲ್ಲವೂ ಇರುವುದರಿಂದ ಅಲ್ಲಿ ಹೆಚ್ಚು ಸರಂಜಾಮು ಬೇಕು. ವಿಯೆನ್ನಾದ ಜೀವಿ ಯೂರಿಯಾವನ್ನೇ ಒಡೆದು ಅಮೋನಿಯಾ ಪಡೆಯುವ ಜೀನುಗಳನ್ನೂ ಇಟ್ಟುಕೊಂಡಿದೆ. ಸ್ಕಾಟ್ಲೆಂಡಿನ ಹುಳಿಮಣ್ಣಿನಿಂದ ಅದೇ 2011ರಲ್ಲಿ ಬಂದ ನೈಟ್ರೊಸೊಟೇಲಿಯಾ ಇನ್ನೊಂದು ಪಾಠ ಹೇಳಿತು. ಪಿಎಚ್ 4ರಿಂದ 5.5ರ ನಡುವೆ ಅದು ಬೆಳೆಯುತ್ತದೆ. ಅಂಥ ಆಮ್ಲದಲ್ಲಿ ಅಮೋನಿಯಾ ಬಹುತೇಕ ಅಮೋನಿಯಂ ರೂಪದಲ್ಲೇ ಇರುವುದರಿಂದ ಬೇರೆ ನೈಟ್ರೀಕರಣ ಜೀವಿಗಳಿಗೆ ಉಪವಾಸವೇ ಗತಿ. 2015ರಲ್ಲಿ ಸೆಸಿಲ್ ಗುಬ್ರಿ-ರಾಂಜಿನ್ ಮತ್ತು ಸಂಗಡಿಗರು, ನೆಲದ ಮೇಲಿನ ಈ ಆರ್ಕಿಯಾ ಕುಲ ಕವಲೊಡೆದದ್ದೂ ಪಿಎಚ್‌ಗೆ ಹೊಂದಿಕೊಂಡದ್ದೂ ಒಟ್ಟೊಟ್ಟಿಗೆ ನಡೆದಿವೆ ಎಂದು ತೋರಿಸಿದರು. 2019ರಲ್ಲಿ ಬಂದ ಇನ್ನೊಂದು ಅಧ್ಯಯನ, ಪ್ರೋಟಾನನ್ನು ಹೊರದೂಡುವ ಎಟಿಪಿಏಸ್ ಜೀನುಗಳ ಗುಂಪು ಕುಲದಿಂದ ಕುಲಕ್ಕೆ ಅಡ್ಡಹಾಯ್ದು ಬಂದದ್ದಕ್ಕೂ ಇವು ಹುಳಿಮಣ್ಣಿಗೂ ಆಳಗಡಲಿಗೂ ಹಬ್ಬಿದ್ದಕ್ಕೂ ನಂಟಿದೆ ಎಂದಿತು. ವಂಶದಿಂದ ಬಂದ ಜೀನು ಮತ್ತು ಬೇರೆಯವರಿಂದ ಪಡೆದ ಜೀನು ಎರಡೂ ಸೇರಿ ಹೊಸ ನೆಲೆ ಕೊಟ್ಟಿವೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಇಂಥ ಸೂಕ್ಷ್ಮಜೀವಿಗಳ ದೇಹದ ಪಳೆಯುಳಿಕೆ ಇಲ್ಲದಿರುವಾಗ ಈ ಇತಿಹಾಸದ ಕಾಲಗಣನೆ ನಂಬುವುದು ಹೇಗೆ? ಅಮೋನಿಯಾ ಉರಿಸುವ ಆರ್ಕಿಯಾ ಗಾಳಿಯಲ್ಲಿ ಆಮ್ಲಜನಕ ಏರಿದ ಮೇಲೆ, ಬಹುಶಃ ಬಿಸಿಯಾದ ನೆಲೆಗಳಲ್ಲಿ ಹುಟ್ಟಿ, ಮಣ್ಣಿಗೆ ಬಂದು, ಬಳಿಕ ಕಡಲಿಗೆ ಇಳಿದವೆಂಬ ವಾದದಲ್ಲಿ ವರ್ಷಗಳ ಅಂಕಿಗಳು ಬಲು ಸಡಿಲ ಎಂಬುದು ನಿಜ. ಆದರೆ ಕ್ರಮ ಅಷ್ಟು ಸಡಿಲವಲ್ಲ. ಈ ಬಳಗದ ವಂಶವೃಕ್ಷದಲ್ಲಿ ಬುಡದ ಸಮೀಪವೇ ಬಿಸಿಬುಗ್ಗೆಯ ನೈಟ್ರೊಸೊಕಾಲ್ಡಸ್ ಕುಳಿತಿದೆ. ಅದರ ಜೊತೆಗೆ ಕ್ರೆನಾರ್ಕಿಯೋಲ್ ಎಂಬ ಈ ಕುಲದ ವಿಶಿಷ್ಟ ಕೊಬ್ಬು ಕ್ರೆಟೇಷಿಯಸ್ ಕಾಲದ ಕಪ್ಪು ಜೇಡಿಶಿಲೆಯಲ್ಲೂ ಉಳಿದಿದೆ. ಆಕ್ಷೇಪಕ್ಕೆ ತಕ್ಕ ಉತ್ತರವೆಂದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಂಬುವುದು, ಕೋಟಿವರ್ಷಗಳ ಅಂಕಿಯನ್ನು ಕೈಬಿಡುವುದು.

ಇದಕ್ಕಿಂತ ಹೊಲಕ್ಕೆ ನೇರವಾಗಿ ತಟ್ಟುವ ಎಡವಟ್ಟು 2006ರಲ್ಲಾಯಿತು. ಹನ್ನೆರಡು ಮಣ್ಣುಗಳಲ್ಲಿ ಅಮೋನಿಯಾ ಉರಿಸುವ ಕಿಣ್ವದ ಜೀನಿನ ಪ್ರತಿಗಳನ್ನು ಎಣಿಸಿದಾಗ ಆರ್ಕಿಯಾದವು ಬ್ಯಾಕ್ಟೀರಿಯಾದವಕ್ಕಿಂತ ಹೆಚ್ಚಿದ್ದವು, ಕೆಲವೆಡೆ 3000 ಪಟ್ಟಿನವರೆಗೆ. ಹಾಗಾಗಿ ಜಗತ್ತಿನ ಮಣ್ಣಿನ ನೈಟ್ರೀಕರಣವೆಲ್ಲ ಇವುಗಳದ್ದೇ ಎಂದು ಹಲವರು ಓದಿಕೊಂಡರು. ಉತಾರದಲ್ಲಿ ಹೆಸರಿದ್ದವನೇ ಹೊಲ ಉಳುತ್ತಾನೆ ಎಂದು ತಿಳಿದ ಹಾಗಿದು. 2009ರಲ್ಲಿ ಒಂದು ಕೃಷಿಮಣ್ಣಿನಲ್ಲಿಯೂ ನ್ಯೂಜಿಲೆಂಡಿನ ಹುಲ್ಲುಗಾವಲುಗಳಲ್ಲಿಯೂ ನಡೆದ ಪ್ರಯೋಗಗಳಲ್ಲಿ, ಅಮೋನಿಯಂ ಧಾರಾಳವಾಗಿ ಬಿದ್ದಾಗ ದುಡಿದದ್ದು ಬ್ಯಾಕ್ಟೀರಿಯಾವೇ ಎಂದು ಕಂಡಿತು. ಅದೇ ವರ್ಷ ಮ್ಯಾರಿಟಿಮಸ್ ಕೇವಲ ಸುಮಾರು 0.133 ಮೈಕ್ರೊಮೋಲಾರ್ ಅಮೋನಿಯಂನಲ್ಲಿ ತನ್ನ ಗರಿಷ್ಠ ವೇಗದ ಅರ್ಧ ಮುಟ್ಟುತ್ತದೆ ಎಂದು ಗೊತ್ತಾಯಿತು. ಆಹಾರ ಕಡಿಮೆಯಿದ್ದರೆ ಆರ್ಕಿಯಾ, ಸಮೃದ್ಧವಾಗಿದ್ದರೆ ಬ್ಯಾಕ್ಟೀರಿಯಾ ಎಂಬ ಸೊಗಸಾದ ಸೂತ್ರ ಹುಟ್ಟಿತು. ಅದೂ ಪೂರ್ತಿ ನಿಲ್ಲಲಿಲ್ಲ. ನೈಟ್ರೊಸೊಕಾಸ್ಮಿಕಸ್ ಎಂಬ ಮಣ್ಣಿನ ಆರ್ಕಿಯಾ ಹೆಚ್ಚಿನ ಅಮೋನಿಯಂ ತಾಳಿಕೊಳ್ಳುತ್ತದೆ. ಬಳಗದ ಹೆಸರಿನ ಮೇಲೆ ನಡತೆಯನ್ನು ಊಹಿಸುವುದು ತಪ್ಪು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಡ.

ಈಗ ಸುಳ್ಳದ ಮಾತು. ಎರೆಮಣ್ಣು ಕ್ಷಾರೀಯ, ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಅಂಥಲ್ಲಿ ಅಮೋನಿಯಂ ಒಂದಷ್ಟು ಅಮೋನಿಯಾ ಆಗಿ ತಿನ್ನಲು ಸಿಗುತ್ತದೆ, ಆದರೆ ಜೇಡಿ ಉಳಿದದ್ದನ್ನು ಬಿಗಿಹಿಡಿಯುತ್ತದೆ. ಯೂರಿಯಾ ಹಾಕಿದ ವಾರ ಒಂದು ಲೋಕ, ಹಿಂಗಾರಿ ಬಿಳಿಜೋಳ ತೇವದ ಮೇಲೆಯೇ ಬೆಳೆಯುವ ತಿಂಗಳುಗಳು ಇನ್ನೊಂದು ಲೋಕ. ಇದೇ ಧಾರವಾಡ ಜಿಲ್ಲೆಯಲ್ಲಿ ಪಡುವಣಕ್ಕೆ ಅಳ್ನಾವರದ ಕಡೆ ನಡೆದರೆ ಮಳೆ ಹೆಚ್ಚುತ್ತ ಮಣ್ಣು ಕೆಂಪಾಗುತ್ತ ಹೋಗುತ್ತದೆ. ಕ್ಷಾರದಿಂದ ಹುಳಿಯತ್ತ ಇಳಿಯುವ ಪಿಎಚ್ ಮೆಟ್ಟಿಲನ್ನು ಹುಡುಕಲು ಇಲ್ಲಿಯವರು ಬಹಳ ದೂರ ಹೋಗಬೇಕಿಲ್ಲ. ಯೂರಿಯಾ ಹಾಕುವ ಹೊಲದಲ್ಲಿ ಆರ್ಕಿಯಾದ ಚಿಂತೆ ಏಕೆ ಎನ್ನುವವರಿಗೆ ಜೋಳದ ಬೇರೇ ಉತ್ತರ. ಅದು ಸೊರ್ಗೊಲಿಯೋನ್ ಎಂಬ ವಸ್ತುವನ್ನು ಸೂಸಿ ನೈಟ್ರೀಕರಣವನ್ನು ತಡೆಯುತ್ತದೆ. ಆ ಗುಣವನ್ನು ಅಳೆದದ್ದು ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. 2022ರಲ್ಲಿ ಆರ್ಕಿಯಾಗಳ ಮೇಲೂ ಬೇರಿನ ಇಂಥ ವಸ್ತುಗಳನ್ನು ಪರೀಕ್ಷಿಸಿದಾಗ ಹಲವು ವಸ್ತುಗಳಿಗೆ ಬ್ಯಾಕ್ಟೀರಿಯಾಕ್ಕಿಂತ ಆರ್ಕಿಯಾಗಳೇ ಹೆಚ್ಚು ಬಗ್ಗಿದವು. 2015ರಿಂದ ದೇಶದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದು ಕಡ್ಡಾಯವಾಗಿರುವಾಗ, ಆ ಲೇಪ ಯಾರನ್ನು ತಡೆಯುತ್ತದೆ ಎಂಬುದೂ ಇದೇ ಪ್ರಶ್ನೆ.

ಇದನ್ನು ಬಗೆಹರಿಸಲು ದುಬಾರಿ ಯಂತ್ರ ಮೊದಲು ಬೇಕಿಲ್ಲ. ಆಕ್ಟೈನ್ ಆವಿ ಬ್ಯಾಕ್ಟೀರಿಯಾದ ಅಮೋನಿಯಾ ಉರಿಸುವ ಕಿಣ್ವವನ್ನು ನಿಲ್ಲಿಸುತ್ತದೆ, ಆರ್ಕಿಯಾದ್ದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅಸಿಟಿಲೀನ್ ಎರಡನ್ನೂ ನಿಲ್ಲಿಸುತ್ತದೆ. ಸುಳ್ಳದ ಮಣ್ಣನ್ನು ಯೂರಿಯಾದ ಮರುವಾರವೂ, ಜೋಳ ಹೊಡೆ ಬಿಡುವಾಗಲೂ ಬಾಟಲಿಗಳಿಗೆ ತುಂಬಿ, ಏನೂ ಸೇರಿಸದೆಯೂ ಈ ಎರಡನ್ನು ಬೇರೆಬೇರೆಯಾಗಿ ಸೇರಿಸಿಯೂ ಇಟ್ಟು ನೈಟ್ರೇಟ್ ಅಳೆದರೆ, ಯಾವ ಕಾಲಕ್ಕೆ ಯಾರ ದುಡಿಮೆ ಎಂಬುದು ತಿಳಿಯುತ್ತದೆ. ಆಮೇಲೆ ಅದೇ ಬಾಟಲಿಗಳ ಮಣ್ಣಿನ ಡಿಎನ್‌ಎ ಓದಿಸಿ, ದುಡಿದ ಗುಂಪಿನ ಜೀನೋಮಿನಲ್ಲಿ ಯೂರಿಯೇಸ್ ಇದೆಯೇ, ಅದು ನೈಟ್ರೊಸೊಸ್ಫೀರಾದ ನೆಂಟನೇ, ನೈಟ್ರೊಸೊಕಾಸ್ಮಿಕಸ್ಸಿನ ನೆಂಟನೇ ಎಂದು ಹುಡುಕಬೇಕು.