ನರಗುಂದ ಕೋಟೆ

ಗದಗ ಜಿಲ್ಲೆಯ ನರಗುಂದ ಪಟ್ಟಣಕ್ಕೆ ಅಂಟಿಕೊಂಡ ಗುಡ್ಡದ ಮೇಲಿನ ಗಿರಿದುರ್ಗ, ಈಗ ಪಾಳುಬಿದ್ದಿದೆ. 1674ರಲ್ಲಿ ಶಿವಾಜಿ ಕಟ್ಟಿಸಿದ ಎಂಬುದು ಪ್ರಚಲಿತ ಹೇಳಿಕೆ. ಮುಂದೆ ಇದು ಭಾವೆ ಮನೆತನದ ಸಂಸ್ಥಾನದ ನೆಲೆಯಾಯಿತು.

ಕರಾವಳಿಯ ಮಿರ್ಜಾನ ಕೋಟೆಗೆ ಅಘನಾಶಿನಿ ನದಿಯ ಆಸರೆಯಿದ್ದರೆ, ನರಗುಂದಕ್ಕೆ ಎರೆಬಯಲೇ ಕಾವಲು. ಸುತ್ತಲೂ ಮರೆಯಿಲ್ಲದ ಹತ್ತಿ-ಜೋಳದ ಹೊಲಗಳು. ದಂಡು ಯಾವ ದಿಕ್ಕಿನಿಂದ ಬಂದರೂ ಗುಡ್ಡದಿಂದ ದೂರದಲ್ಲೇ ಕಾಣುತ್ತದೆ. ಬಂಡೆಯ ಕಡಿದಾದ ಅಂಚೇ ಅರ್ಧ ಗೋಡೆಯ ಕೆಲಸ ಮಾಡುತ್ತದೆ. ಹೊಳೆಯ ಆಸರೆ ಇಲ್ಲದ ಈ ಎತ್ತರದಲ್ಲಿ ಮಳೆನೀರು ಹಿಡಿಯುವ ಹೊಂಡಗಳು ಗೋಡೆಯಷ್ಟೇ ಮುಖ್ಯ.

ಹೈದರನಿಗೆ ಕಪ್ಪ ಕೊಡುತ್ತಿದ್ದ ಸಂಸ್ಥಾನದಿಂದ ಟಿಪ್ಪು ಹೆಚ್ಚಿನ ಹಣ ಕೇಳಿದ್ದೇ 1785ರ ಮುತ್ತಿಗೆಗೆ ದಾರಿಯಾಯಿತು. ಟಿಪ್ಪುವಿನ ಸೇನಾನಿ ಬುರ್ಹಾನುದ್ದೀನನ ಸೇನೆಗೆ ಕೋಟೆ ತಿಂಗಳುಗಟ್ಟಲೆ ಮಣಿಯಲಿಲ್ಲ. ಕೊನೆಗೆ ಶರಣಾದ ಅರಸ ವೆಂಕಟರಾವ್ ಭಾವೆ ಮತ್ತು ದಿವಾನ ಕಾಳೋಪಂತ ಪೇಠೆಯನ್ನು ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. 1787ರಲ್ಲಿ ನೆರೆಯ ಗಜೇಂದ್ರಗಡದಲ್ಲಿ ಆದ ಒಪ್ಪಂದದಂತೆ ಬಾದಾಮಿ, ಕಿತ್ತೂರುಗಳ ಜೊತೆ ನರಗುಂದವೂ ಮರಾಠರಿಗೆ ಮರಳಿತು.

ಕೊನೆಯ ಅರಸ ಭಾಸ್ಕರರಾವ್, ಜನರ ಬಾಯಲ್ಲಿ ಬಾಬಾಸಾಹೇಬ, ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಸಿಟ್ಟ ವಿದ್ಯಾಪ್ರೇಮಿ. ದತ್ತು ಪಡೆಯಲು ಬ್ರಿಟಿಷರು ಒಪ್ಪಲಿಲ್ಲ. ಮೇಲಾಗಿ ತೋಪು, ಮದ್ದುಗುಂಡು ಒಪ್ಪಿಸೆಂದು ಒತ್ತಾಯಿಸಿದರು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಬಾಬಾಸಾಹೇಬರ ಪಡೆ ಕೊಂದಿತು. ಅವನ ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಲಾಯಿತು. ಜೂನ್ ಮೊದಲಲ್ಲಿ ಬ್ರಿಟಿಷ್ ಅಧಿಕಾರಿ ಮಾಲ್ಕಮ್‌ನ ಸೈನ್ಯ ಬಂದಾಗ ಕದನ ನಡೆದದ್ದು ಕೆಳಗಿನ ಬಯಲಿನಲ್ಲಿ. ಅಲ್ಲಿ ಸೋತ ಮೇಲೆ ಕೋಟೆಯನ್ನು ಕಾಯಲು ಮಂದಿಯೇ ಉಳಿಯಲಿಲ್ಲ. ಟಿಪ್ಪುವಿನ ದಂಡನ್ನು ಅಷ್ಟು ಕಾಲ ತಡೆದ ದುರ್ಗ ಹೋರಾಟವಿಲ್ಲದೆ ಕೈತಪ್ಪಿತು. ಇದನ್ನು ಕಟ್ಟಡದ ಸೋಲೆಂದು ಬರೆಯುವುದು ತಪ್ಪು: ಕೆಲವೇ ದಿನಗಳಲ್ಲಿ ಸಿಡಿದ ಬಂಡಾಯಕ್ಕೆ ದೀರ್ಘ ಮುತ್ತಿಗೆ ತಾಳುವ ಸಿದ್ಧತೆಯಾಗಲಿ, ಹೊರಗಿನ ನೆರವಾಗಲಿ ಇರಲಿಲ್ಲ. ಬಂಡಾಯದಲ್ಲಿ ಕೈಜೋಡಿಸಿದ್ದ ಮುಂಡರಗಿ ಭೀಮರಾಯನೂ ಅದೇ ವೇಳೆಗೆ ಕೊಪ್ಪಳದಲ್ಲಿ ಮಡಿದಿದ್ದ.

ತೊರಗಲ್ಲಿನ ಕಾಡಿನಲ್ಲಿ ಸೆರೆಸಿಕ್ಕ ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಬ್ರಿಟಿಷರು ಕೋಟೆಯನ್ನು ಮತ್ತೆ ಯಾರೂ ಬಳಸದಂತೆ ಕೆಡವಿಹಾಕಿದರು. ಗುಡ್ಡದ ಮೇಲೆ ಇಂದು ಉಳಿದಿರುವುದು ಗೋಡೆಗಳ ಅವಶೇಷ ಮತ್ತು ನೀರಿನ ಹೊಂಡಗಳು. ಭಾವೆಯವರ ಕಾಲದ ವೆಂಕಟೇಶ್ವರ ಗುಡಿಯಲ್ಲಿ ಪೂಜೆ ನಡೆಯುತ್ತಿದೆ.