ಬಸ್ಸು ಆರಿಸುವ ಬಳಗ

ಜೂನ್ ತಿಂಗಳು ಬಂತೆಂದರೆ ಕೋಡಂಬಾಕ್ಕಂ ರೈಲು ನಿಲ್ದಾಣದಲ್ಲಿ ಹೊಸ ಮುಖಗಳು ಕಾಣುತ್ತವೆ. ಪ್ಲಸ್ ಟು ಮುಗಿಸಿದ ನಮ್ಮ ಕನ್ನಡ ಮನೆಗಳ ಹುಡುಗರೂ ಅವರಲ್ಲಿರುತ್ತಾರೆ. ಯಾವ ಕಾಲೇಜು ಒಳ್ಳೆಯದೆಂದು ನಾವು ನಾಲ್ಕು ಕಡೆ ವಿಚಾರಿಸುತ್ತೇವೆ. ಹುಡುಗ ಯಾವ ಬಸ್ಸು ಹತ್ತುತ್ತಾನೆ, ಅದರಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೇಳಿದ ತಂದೆಯನ್ನು ನಾನು ಕಂಡಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಸೋದರಸಂಘಗಳಿವೆ. ಹೊಸ ವಿದ್ಯಾರ್ಥಿ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ, ಸಂಘದವರೂ ಅವನನ್ನು ಒಪ್ಪಬೇಕು. ಚೆನ್ನೈಯಲ್ಲಿ ಈ ಆಯ್ಕೆಯನ್ನು ಬಸ್ಸಿನ ಮಾರ್ಗವೇ ಮಾಡಿಬಿಡುತ್ತದೆ. ಒಂದೇ ದಾರಿಯಲ್ಲಿ ಒಂದೇ ಕಾಲೇಜಿಗೆ ಹೋಗುವವರದು ಒಂದು ಗುಂಪು. ಅದರ ಮುಖಂಡನಿಗೆ ‘ರೂಟ್ ತಲ’ ಎಂದು ಹೆಸರು. ನಮ್ಮ ‘ತಲೆಯಾಳು’ ಇದರ ದಾಯಾದಿಯೇ ಇರಬೇಕು.

1842ರಷ್ಟು ಹಳೆಯ ಮೂಲವುಳ್ಳ ಪಚ್ಚೈಯಪ್ಪ, 1840ರ ಪ್ರೆಸಿಡೆನ್ಸಿ ಮೊದಲಾದ ಕಾಲೇಜುಗಳಿಗೆ ದೂರದ ಊರುಗಳಿಂದ ದಿನವೂ ಬರುವ ಹುಡುಗರು ಬಹಳ. 1931ರಲ್ಲಿ ಬೀಚ್–ತಾಂಬರಂ ನಡುವೆ ವಿದ್ಯುತ್ ರೈಲು ಓಡತೊಡಗಿದ ಮೇಲೆ ಹೀಗೆ ಓಡಾಡಿ ಓದುವುದು ಸುಲಭವಾಯಿತು. ಅನೇಕರ ಮನೆಯಲ್ಲಿ ಕಾಲೇಜು ಕಂಡವರು ಅವರೇ ಮೊದಲು. ಹಾಸ್ಟೆಲ್ಲಿನ ಗೆಳೆತನ ಸಿಗದವರಿಗೆ ಬಸ್ಸಿನ ಹಿಂಬಾಗಿಲೇ ಹಾಸ್ಟೆಲ್ಲಾಯಿತು.

ಬಸ್ ಡೇ ಎಂಬ ಹಬ್ಬ ಹುಟ್ಟಿದ್ದು ಕೃತಜ್ಞತೆಯಿಂದ. ಬಸ್ಸನ್ನು ಸಿಂಗರಿಸಿ ಚಾಲಕ, ನಿರ್ವಾಹಕರಿಗೆ ಹಾರ ಹಾಕುತ್ತಿದ್ದರು. ಬರುಬರುತ್ತಾ ಛಾವಣಿಯ ಮೇಲಿನ ಕುಣಿತ, ಕಲ್ಲೆಸೆತ ಸೇರಿಕೊಂಡವು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿತು. ಆದರೂ 2019ರ ಜೂನ್‌ನಲ್ಲಿ ಬಸ್ಸಿಗೆ ಬ್ರೇಕ್ ಬಿದ್ದಾಗ ಛಾವಣಿಯ ಹುಡುಗರು ರಸ್ತೆಗೆ ಉದುರಿದರು. ಮರು ತಿಂಗಳು ಅರುಂಬಾಕ್ಕಂನಲ್ಲಿ ಹಾಡುಹಗಲೇ ಮಚ್ಚುಗಳು ಹೊರಬಂದವು. ಪೊಲೀಸರು ತಲಗಳನ್ನು ಹುಡುಕಿ ಮುಚ್ಚಳಿಕೆ ಬರೆಸಿಕೊಂಡರು. 2024ರ ಅಕ್ಟೋಬರ್‌ನಲ್ಲಿ ಸೆಂಟ್ರಲ್ ನಿಲ್ದಾಣದ ಬಳಿ ಪೆಟ್ಟು ತಿಂದ ಪ್ರೆಸಿಡೆನ್ಸಿಯ ವಿದ್ಯಾರ್ಥಿಯೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ.

ನಮ್ಮ ನಾಡಿನಲ್ಲಿ ಬಳಗವನ್ನು ಗೊತ್ತುಮಾಡುತ್ತಿದ್ದುದು ಹುಟ್ಟು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂತಹ ಸಂಸ್ಥೆಗಳು ತಮ್ಮ ಸಮುದಾಯದ ಮಕ್ಕಳಿಗಾಗಿ ವಿದ್ಯಾರ್ಥಿನಿಲಯ ನಡೆಸಿದವು. ಅವನ್ನು ಜಾತಿ ಹಾಸ್ಟೆಲ್ ಎಂದು ಹಗುರವಾಗಿ ಆಡುವವರಿದ್ದಾರೆ. ಆ ಅನ್ನವಿಲ್ಲದಿದ್ದರೆ ಎಷ್ಟೋ ಹಳ್ಳಿಯ ಹುಡುಗರು ಪದವೀಧರರಾಗುತ್ತಿರಲಿಲ್ಲ. ಸಿದ್ಧಗಂಗಾ ಮಠವಂತೂ ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿತು.

ಹುಡುಗರು ಮನಸಾರೆ ಆರಿಸಿಕೊಂಡ ಬಳಗವೂ ಇತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘಕ್ಕೆ ಸೇರಲು ಕನ್ನಡದ ಮೇಲಿನ ಅಕ್ಕರೆಯೊಂದೇ ಸಾಕಿತ್ತು. ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಆ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯನ್ನು ಹೊರಡಿಸಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ವಹಿಸಿಕೊಂಡಿತು.