ಬೆಂಗಳೂರು ಸೀಮೆಯ ನಿವೇಶನ ದಲ್ಲಾಳಿಗಳು: ಒಂದು ಕಸುಬಿನ ಪೂರ್ವೋತ್ತರ

ಬೆಂಗಳೂರು ಸೀಮೆಯಲ್ಲಿ ನಿವೇಶನದ ದಲ್ಲಾಳಿ ಎಂಬ ಕಸುಬು ಪ್ರತ್ಯೇಕವಾಗಿ ಕಾಣಿಸಿಕೊಳ್ಳುವುದಕ್ಕೆ ಬಹುಕಾಲ ಮೊದಲೇ, ಜಮೀನು ಕೊಳ್ಳಹೊರಟವನಿಗೆ ಅದರ ಪೂರ್ವಾಪರವನ್ನು ತಿಳಿಸುವ ಕೆಲಸ ಊರಿನ ಶಾನುಭೋಗನ ಪಾಲಿಗೆ ಬಂದಿತ್ತು. ಯಾವ ಹೊಲ ಯಾರ ಅನುಭವದಲ್ಲಿದೆ, ಅದರ ಚಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಗಡಿ ಯಾವುದು, ಕಂದಾಯ ಎಷ್ಟು ಬಾಕಿಯಿದೆ ಎಂಬ ವಿವರಗಳು ಅವನ ಲೆಕ್ಕಗಳಲ್ಲಿ, ಅಂದರೆ ಕಪ್ಪು ಲೇಪ ಹಚ್ಚಿದ ಬಟ್ಟೆಯನ್ನು ಮಡಿಕೆಯಾಗಿ ಮಡಚಿ ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ಮತ್ತು ಆಮೇಲೆ ಕಾಗದದ ಪುಸ್ತಕಗಳಲ್ಲಿ ಇರುತ್ತಿದ್ದವು. ಕ್ರಯಪತ್ರವನ್ನು ಬರೆದುಕೊಡುತ್ತಿದ್ದವನೂ ಅನೇಕ ವೇಳೆ ಅವನೇ. ಅವನಿಗೆ ಸಲ್ಲುತ್ತಿದ್ದ ಪೊಟಗಿ, ಎಂದರೆ ಗ್ರಾಮಾಧಿಕಾರಿಯ ಸಂಭಾವನೆ, ಮಾರಾಟ ನಡೆದರೂ ನಡೆಯದಿದ್ದರೂ ನಿಲ್ಲುತ್ತಿರಲಿಲ್ಲವಾದ್ದರಿಂದ, ಕೊಳ್ಳಬೇಡವೆಂದು ಹೇಳುವುದರಿಂದ ಅವನಿಗೆ ನಷ್ಟವೇನೂ ಇರಲಿಲ್ಲ. ಶಾನುಭೋಗಿಕೆಯನ್ನು ಇಷ್ಟರಿಂದಲೇ ಆದರ್ಶವೆಂದು ಬಗೆಯಲಾಗದು; ಲೆಕ್ಕ ಬಲ್ಲವನೊಬ್ಬನೇ ಇದ್ದ ಊರಿನಲ್ಲಿ ಗಡಿಯ ಕಲ್ಲಿಗಿಂತ ಅವನ ಬರಹವೇ ಬಲವಾಗಿದ್ದುದರ ಫಲವನ್ನು ರೈತರು ಚೆನ್ನಾಗಿಯೇ ಉಂಡಿದ್ದರು. ಆದರೂ ಮುಂದೆ ದಲ್ಲಾಳಿಯ ಕೈಗೆ ಬಂದ ಸಲಹೆಯ ಸ್ವರೂಪವನ್ನು ತಿಳಿಯಬೇಕಾದರೆ, ಶಾನುಭೋಗನ ಸಂಪಾದನೆ ಮಾರಾಟಕ್ಕೆ ಅಂಟಿಕೊಂಡಿರಲಿಲ್ಲವೆಂಬುದನ್ನು ಮೊದಲು ಗಮನಿಸಬೇಕಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ 1863ರಿಂದ ಮುಂಬಯಿ ಪದ್ಧತಿಯ ಕಂದಾಯ ಮೋಜಣಿ ಆರಂಭವಾಗಿ, ಪ್ರತಿ ಹೊಲಕ್ಕೂ ಸರ್ವೆ ನಂಬರು ಬಿದ್ದ ಮೇಲೆ ಜಮೀನಿನ ಗುರುತು ಊರವರ ನೆನಪಿನಿಂದ ದಫ್ತರಕ್ಕೆ ಸರಿಯಿತು. ನೋಂದಣಿಯ ಕಾನೂನುಗಳು ಬಂದ ಮೇಲೆ ಕ್ರಯಪತ್ರವೂ ಸರ್ಕಾರಿ ಪುಸ್ತಕವನ್ನು ಸೇರಿತು. ಆದರೆ 1908ರ ನೋಂದಣಿ ಕಾಯ್ದೆಯ ಅಡಿಯಲ್ಲಿ ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನೇ ಹೊರತು ಹಕ್ಕನ್ನಲ್ಲ, ಮಾರುವವನು ನಿಜವಾಗಿ ಒಡೆಯನೇ ಎಂಬ ಪ್ರಶ್ನೆಗೆ ಆ ಕಚೇರಿ ಹೊಣೆಯಾಗುವುದಿಲ್ಲ ಎಂಬ ಸಂಗತಿ ಇಂದಿಗೂ ಬಹುಮಂದಿಗೆ ತಿಳಿಯದು. ಅಲ್ಲಿಂದ ದೊರೆಯುವ ಋಣಭಾರ ಪತ್ರ, ಎಂದರೆ ಜನರ ಬಾಯಲ್ಲಿ ‘ಇ.ಸಿ.’, ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು, ಗೇಣಿದಾರನ ಹಕ್ಕು ಇವು ಅದರಲ್ಲಿ ಕಾಣುವುದಿಲ್ಲ. ಸರ್ಕಾರ ಹೊರಲೊಲ್ಲದ ಈ ಹೊಣೆಯೇ ವಕೀಲನಿಗೂ ಪತ್ರಬರಹಗಾರನಿಗೂ ಕಡೆಗೆ ದಲ್ಲಾಳಿಗೂ ಜೀವನೋಪಾಯವನ್ನು ಒದಗಿಸಿತು.

1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ತುಂಬತೊಡಗಿದಾಗ, ಜಮೀನು ಎಕರೆ ಗುಂಟೆಗಳ ಲೆಕ್ಕದಿಂದ ಅಡಿಗಳ ಲೆಕ್ಕಕ್ಕೆ ಇಳಿಯಿತು. 1945ರಲ್ಲಿ ನಗರ ಸುಧಾರಣಾ ವಿಶ್ವಸ್ತ ಮಂಡಳಿಯೂ 1976ರ ಕಾಯ್ದೆಯ ಮೂಲಕ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಸ್ಥಾಪಿತವಾಗಿ, ಮೂವತ್ತು ನಲವತ್ತರ ಸೈಟು ಮಧ್ಯಮ ವರ್ಗದ ಬಾಳಿನ ಗುರಿಯಾಯಿತು. ಇದೇ ಅವಧಿಯಲ್ಲಿ, 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಶಾನುಭೋಗ ಪಟೇಲಿಕೆಗಳು ರದ್ದಾಗಿ, ವರ್ಗಾವಣೆಗೆ ಒಳಗಾಗುವ ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಕಚೇರಿಯಲ್ಲಿ ಉಳಿಯಿತು; ಆದರೆ ಯಾವ ಮನೆಯಲ್ಲಿ ಅಣ್ಣತಮ್ಮಂದಿರ ವ್ಯಾಜ್ಯವಿದೆ, ಯಾವ ಹೊಲ ಕೆರೆಯಂಗಳಕ್ಕೆ ತಾಗಿದೆ ಎಂಬ ಅರಿವು ಊರಿನಲ್ಲೇ ಉಳಿದು, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ‘ಪಾರ್ಟಿ’ಯನ್ನು ಕಾಯುವ ಸ್ಥಳೀಯನ ಬಂಡವಾಳವಾಯಿತು.

ಪ್ರಾಧಿಕಾರ ಹಂಚಿದ ನಿವೇಶನಗಳು ಗುತ್ತಿಗೆ ಮತ್ತು ಮಾರಾಟ ಎರಡೂ ಕೂಡಿದ ಕರಾರಿನ ಮೇಲೆ ಬರುತ್ತಿದ್ದು, 10 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಈ ತಡೆಯನ್ನು ದಾಟಲು ಕ್ರಯದ ಕರಾರು, ಜನರಲ್ ಪವರ್ ಆಫ್ ಅಟಾರ್ನಿ ಎಂಬ ಅಧಿಕಾರಪತ್ರ, ಜೊತೆಗೊಂದು ಉಯಿಲು, ಈ ಮೂರನ್ನು ಕೂಡಿಸಿ ಕೊಡುವ ಉಪಾಯ ಬಳಕೆಗೆ ಬಂದಿತು, ‘ಜಿ.ಪಿ.ಎ. ಸೈಟು’ ಎಂಬುದು ದಲ್ಲಾಳಿಗಳ ಮಾತಿನಲ್ಲಿ ತುಸು ಅಗ್ಗದ, ಆದರೆ ಚಿಂತೆಯಿಲ್ಲದ ಸರಕೆಂಬಂತೆ ಓಡಾಡಿತು. ಇಂಥ ಪತ್ರಗಳಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದೇ ರೀತಿ, ವ್ಯವಸಾಯದ ಜಮೀನನ್ನು ಭೂಪರಿವರ್ತನೆಯಾಗಲಿ ನಕ್ಷೆಯ ಮಂಜೂರಾತಿಯಾಗಲಿ ಇಲ್ಲದೆ ತುಂಡರಿಸಿ ಮಾರಿದ ‘ರೆವಿನ್ಯೂ ಸೈಟು’ಗಳ ಮೇಲೆ ನಗರದ ಅಂಚಿನ ಎಷ್ಟೋ ಬಡಾವಣೆಗಳು ನಿಂತಿವೆ. ಇವನ್ನು ಕೊಂಡವರೆಲ್ಲರೂ ಮೋಸಹೋದವರೆನ್ನುವುದು ಸರಿಯಲ್ಲ; ಮಂಜೂರಾದ ನಿವೇಶನದ ಬೆಲೆ ಕೈಗೆಟುಕದ ಕುಟುಂಬಗಳು ತಿಳಿದೇ ಕೊಂಡದ್ದೂ ಉಂಟು, ಆ ತಿಳಿವಳಿಕೆಯನ್ನು ಬಚ್ಚಿಡದೆ ಕೊಟ್ಟ ದಲ್ಲಾಳಿಗಳೂ ಉಂಟು.

ಒಳ್ಳೆಯ ದಲ್ಲಾಳಿಯ ಸಲಹೆ ಎಂಥದಿರಬೇಕಾಗಿತ್ತೆಂಬುದು ಕಾನೂನು ಬದಲಾದ ಕಡೆಗಳಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಪಿತ್ರಾರ್ಜಿತ ಸ್ವತ್ತಿಗೆ ಗಂಡುಮಕ್ಕಳ ಸಹಿ ಸಾಕೆಂಬ ನಂಬಿಕೆ ತಲೆಮಾರುಗಳಿಂದ ನಡೆದುಬಂದಿತ್ತು. ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಆ ಭೇದವನ್ನೂ ತೆಗೆದುಹಾಕಿತು. ಆ ದಿನಕ್ಕೆ ತಂದೆ ಜೀವಂತವಾಗಿರಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತಳ್ಳಿಹಾಕಿತು. ಹೀಗಾಗಿ ದೂರದೂರಿನಲ್ಲಿ ಸಂಸಾರ ಹೂಡಿರುವ ಹೆಣ್ಣುಮಗಳ ಸಹಿ ಇಲ್ಲದ ಪತ್ರ, ಕೊಂಡವನ ಮನೆಯ ಗೃಹಪ್ರವೇಶವಾದ ಮೇಲೂ ನ್ಯಾಯಾಲಯದ ಮೆಟ್ಟಿಲೇರಬಹುದಾಗಿತ್ತು. ಮಾರುವವನ ವಂಶವೃಕ್ಷವನ್ನು ಕೇಳಿ ಪಡೆಯುವುದು, ಮುಂಗಡ ಕೊಡುವ ಮೊದಲು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಹಾಕಿಸಿ ತಕರಾರುಗಳನ್ನು ಆಹ್ವಾನಿಸುವುದು ಇವೆಲ್ಲ ಈ ಭಯದಿಂದಲೇ ಬಲಗೊಂಡ ರೂಢಿಗಳು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ವಿಷಯವಂತೂ ಇನ್ನೂ ಬಿಗಿಯಾದುದು. 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಪರಭಾರೆ ಮಾಡಿದರೆ ಆ ಕ್ರಯವೇ ಶೂನ್ಯವಾಗಿ, ಜಮೀನು ಮಂಜೂರಾತಿ ಪಡೆದವರಿಗೆ ಅಥವಾ ಅವರ ವಾರಸುದಾರರಿಗೆ ಮರಳಬಹುದು. ಎಷ್ಟು ಕೈ ಬದಲಾಗಿದೆಯೆಂಬುದಕ್ಕಿಂತ ಮೊದಲು ಅದು ಯಾರಿಗೆ, ಯಾವ ಷರತ್ತಿನ ಮೇಲೆ ಬಂದಿತೆಂಬುದನ್ನು ನೋಡಬೇಕಾದುದು ಇದೇ ಕಾರಣಕ್ಕೆ.

ಇಷ್ಟನ್ನೆಲ್ಲ ಬಲ್ಲವನೂ ಬಾಯಿ ಬಿಡದಿರುವುದಕ್ಕೆ ಕಾರಣವನ್ನು ಅವನ ಗುಣದಲ್ಲಿ ಹುಡುಕುವುದಕ್ಕಿಂತ ಅವನ ಕಮಿಷನ್ನಿನಲ್ಲಿ ಹುಡುಕುವುದು ಲೇಸು. 1872ರ ಭಾರತೀಯ ಕರಾರು ಕಾಯ್ದೆಯ 219ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ವಹಿಸಿದ ಕೆಲಸ ಮುಗಿಯುವವರೆಗೆ ಏಜೆಂಟನಿಗೆ ಸಂಭಾವನೆ ಸಲ್ಲುವುದಿಲ್ಲ. ರೂಢಿಯಲ್ಲಿಯೂ ಕ್ರಯ ಕುದುರಿದರೆ ಶೇಕಡಾ ಒಂದೋ ಎರಡೋ, ಬಾಡಿಗೆಯಾದರೆ ಒಂದು ತಿಂಗಳ ಮೊತ್ತ ಎಂಬ ಲೆಕ್ಕವೇ ನಡೆದಿದೆ. ಹತ್ತು ಸಲ ಜಾಗ ತೋರಿಸಿ, ಹನ್ನೊಂದನೆಯ ಸಲ ಬೇಡವೆಂದು ಸಲಹೆ ಕೊಟ್ಟವನು ಬರಿಗೈಯಲ್ಲಿ ಮನೆಗೆ ಹೋಗಬೇಕು. ಮಾರುವವನಿಂದಲೂ ಕೊಳ್ಳುವವನಿಂದಲೂ ಕಮಿಷನ್ ಪಡೆಯುವವನು ಯಾರ ಹಿತ ಕಾಯಬೇಕೆಂಬುದು ಅದಕ್ಕಿಂತ ಕಠಿಣವಾದ ಪ್ರಶ್ನೆ. ಯಜಮಾನನಿಗೆ ತಿಳಿಸದೆ ಏಜೆಂಟನು ತನ್ನ ಲೆಕ್ಕಕ್ಕೆ ವ್ಯವಹರಿಸಿ ಗಳಿಸಿದ ಲಾಭವನ್ನು ಯಜಮಾನ ಕೇಳಿ ಪಡೆಯಬಹುದೆಂದು ಅದೇ ಕಾಯ್ದೆಯ 216ನೆಯ ಕಲಮು ಹೇಳುತ್ತದೆಯಾದರೂ, ಮಾರುವವನಿಗೆ ಒಂದು ಬೆಲೆ, ಕೊಳ್ಳುವವನಿಗೆ ಇನ್ನೊಂದು ಬೆಲೆ ಹೇಳಿ ನಡುವಿನದನ್ನು ಇಟ್ಟುಕೊಳ್ಳುವ ಪದ್ಧತಿ ಅದರಿಂದ ನಿಂತಂತೆ ಕಾಣುವುದಿಲ್ಲ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಿಂದ ಪಹಣಿಗಳೂ ಕಾವೇರಿ ತಂತ್ರಾಂಶದಿಂದ ನೋಂದಣಿಯೂ ಗಣಕಕ್ಕೆ ಏರಿದ ಮೇಲೆ, ಯಾವ ಜಮೀನು ಯಾರದೆಂಬ ಪ್ರಾಥಮಿಕ ಮಾಹಿತಿಗಾಗಿ ಜನರು ದಲ್ಲಾಳಿಯನ್ನು ಅವಲಂಬಿಸುವುದು ಕಡಿಮೆಯಾಯಿತು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಎಂದರೆ ‘ರೇರಾ’, ಈ ಕಸುಬನ್ನು ಮೊದಲ ಬಾರಿಗೆ ದೇಶಾದ್ಯಂತ ನೋಂದಣಿಗೆ ಒಳಪಡಿಸಿತು: ನೋಂದಣಿಯಿಲ್ಲದ ಏಜೆಂಟನು ನೋಂದಾಯಿತ ಯೋಜನೆಯ ಮಾರಾಟದಲ್ಲಿ ಮಧ್ಯಸ್ಥನಾಗುವಂತಿಲ್ಲ, ನೋಂದಣಿಯಾಗಬೇಕಾಗಿಯೂ ಆಗದ ಯೋಜನೆಯನ್ನು ಮಾರಿಸುವಂತಿಲ್ಲ, ಲೆಕ್ಕಪುಸ್ತಕವಿಡಬೇಕು, ಮುಂಗಡ ಕಟ್ಟುವವನಿಗೆ ಸಲ್ಲಬೇಕಾದ ಎಲ್ಲ ದಾಖಲೆಗಳು ಸಿಗುವಂತೆ ನೋಡಿಕೊಳ್ಳಬೇಕು. ಸಲಹೆಯ ಒಂದು ಅಂಶವಾದರೂ ಹೀಗೆ ಏಜೆಂಟನ ಮರ್ಜಿಯಿಂದ ಕರ್ತವ್ಯದ ಕಡೆಗೆ ಸರಿಯಿತು. ಆದರೆ ಈ ಕಾಯ್ದೆ ಹೊಸ ಯೋಜನೆಗಳಿಗೆ ಸಂಬಂಧಿಸಿದ್ದು, ಅದರಲ್ಲಿಯೂ 500 ಚದರ ಮೀಟರಿಗೆ ಮೀರದ ಜಾಗಕ್ಕೂ ಎಂಟಕ್ಕೆ ಮೀರದ ಮನೆಗಳಿಗೂ ವಿನಾಯಿತಿಯಿದೆ; ಹಳೆಯ ಮನೆಯನ್ನು ಒಬ್ಬನಿಂದ ಇನ್ನೊಬ್ಬನಿಗೆ ಕೊಡಿಸುವ, ಬಾಡಿಗೆ ಭೋಗ್ಯಗಳನ್ನು ಕುದುರಿಸುವ, ಹೊಲದ ಬದುವಿನ ಮೇಲೆ ನಿಂತು ಬೆಲೆ ಮಾತಾಡಿಸುವ ದಲ್ಲಾಳಿಯ ವ್ಯವಹಾರ ಬಹುಮಟ್ಟಿಗೆ ಅದರ ಹೊರಗೇ ನಡೆಯುತ್ತಿದೆ.